ಗುಣಿಸುವ ಮೊದಲು ಕಳೆಯಿರಿ

ಓದುಗರ ಪತ್ರದ ಸಾರ: ‘ಮ್ಯೂನಿಕ್‌ನ ಸಾಫ್ಟ್‌ವೇರ್ ಕಂಪನಿಯೊಂದು ವರ್ಷಕ್ಕೆ 65,000 ಯೂರೋ ಸಂಬಳದ ಆಫರ್ ಕೊಟ್ಟಿದೆ. ಮೊದಲು ನಾನೊಬ್ಬನೇ ಹೋಗುತ್ತೇನೆ. ಹೆಂಡತಿ ಮತ್ತು ಮೂರು ವರ್ಷದ ಮಗಳು ಕೆಲವು ತಿಂಗಳ ನಂತರ ಬರುತ್ತಾರೆ. ಊರಲ್ಲಿ ಮನೆ ಸಾಲದ ಕಂತಿದೆ. ನಮ್ಮ ದುಡ್ಡಿಗೆ ಗುಣಿಸಿ ನೋಡಿದರೆ ಮೊತ್ತ ದೊಡ್ಡದು. ಆದರೆ ಮ್ಯೂನಿಕ್‌ನಲ್ಲಿ ಅಷ್ಟರಲ್ಲಿ ಏನೂ ಉಳಿಯುವುದಿಲ್ಲ ಎಂದು ಕೆಲವರು ಹೆದರಿಸುತ್ತಿದ್ದಾರೆ. ಒಪ್ಪಿಕೊಳ್ಳಲೇ?’

ಸಂಪಾದಕರ ಉತ್ತರ:

ಅಲ್ಲಿಯ ಸಂಬಳವನ್ನು ನಮ್ಮ ದುಡ್ಡಿಗೆ ಗುಣಿಸುವುದನ್ನು ಸದ್ಯಕ್ಕೆ ಬಿಟ್ಟುಬಿಡಿ. ನಿಮ್ಮ ಬಾಡಿಗೆ, ದಿನಸಿ, ಬಸ್ಸು ರೈಲು ಎಲ್ಲದಕ್ಕೂ ಯೂರೋದಲ್ಲೇ ತೆರಬೇಕು. ಗುಣಿಸಬೇಕಾದದ್ದು ತಿಂಗಳ ಕೊನೆಗೆ ಉಳಿದು, ಸಾಲದ ಕಂತಿಗೆಂದು ಊರಿಗೆ ಕಳಿಸುವ ಹಣವನ್ನು ಮಾತ್ರ. ಆ ಉಳಿಕೆ ಎಷ್ಟೆಂದು ಗೊತ್ತಾದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಇಲ್ಲಿ 2025ರ ದರಗಳನ್ನು ಹಿಡಿದು ಲೆಕ್ಕ ಹಾಕಿದ್ದೇವೆ. ದರಗಳು ಪ್ರತಿ ಜನವರಿಯಲ್ಲಿ ಬದಲಾಗುತ್ತವೆ, ಹಾಗಾಗಿ ನೀವು ಹೊರಡುವ ವರ್ಷದ ದರಗಳನ್ನು ಹಾಕಿ ಮತ್ತೊಮ್ಮೆ ನೋಡಿ.

65,000 ಎಂಬುದು ಬ್ರುಟ್ಟೊ, ಅಂದರೆ ಕಡಿತಕ್ಕೆ ಮುಂಚಿನ ಮೊತ್ತ. ಇದರಲ್ಲಿ ಪಿಂಚಣಿಗೆ ಶೇ 9.3, ನಿರುದ್ಯೋಗ ವಿಮೆಗೆ ಶೇ 1.3, ಆರೋಗ್ಯ ವಿಮೆಗೆ ಸುಮಾರು ಶೇ 8.55, ಆರೈಕೆ ವಿಮೆಗೆ (ವೃದ್ಧಾಪ್ಯ ಅಥವಾ ಕಾಯಿಲೆಯಿಂದ ಪರಾವಲಂಬಿಯಾದಾಗಿನ ಆರೈಕೆಗಾಗಿ) ಶೇ 1.8 ನಿಮ್ಮ ಪಾಲಿನಿಂದ ಹೋಗುತ್ತದೆ. ಮಕ್ಕಳಿಲ್ಲದವರಿಗೆ ಆರೈಕೆ ವಿಮೆ ಶೇ 2.4, ಆದ್ದರಿಂದ ಮಗಳ ಜನನ ಪ್ರಮಾಣಪತ್ರವನ್ನು ಮೊದಲ ದಿನವೇ ಕಂಪನಿಗೆ ಕೊಡಿ. ಇದರ ಮೇಲೆ ಆದಾಯ ತೆರಿಗೆ. ನಿಮ್ಮ ಮನೆಯವರು ಜರ್ಮನಿಯಲ್ಲಿ ವಾಸಕ್ಕೆ ಬರುವವರೆಗೆ ನೀವು ತೆರಿಗೆ ವರ್ಗ 1ರಲ್ಲಿ, ಅಂದರೆ ಒಂಟಿಯಾಗಿರುವವರ ವರ್ಗದಲ್ಲಿ ಇರುತ್ತೀರಿ, ಕೈಗೆ ಬರುವುದು ತಿಂಗಳಿಗೆ ಸುಮಾರು 3,350 ಯೂರೋ. ಅವರು ಬಂದು ವಿಳಾಸ ನೋಂದಾಯಿಸಿ ನೀವು ವರ್ಗ 3ಕ್ಕೆ, ಅಂದರೆ ಸಂಗಾತಿಗೆ ಆದಾಯ ಇಲ್ಲದ ಅಥವಾ ಕಡಿಮೆ ಇರುವ ವಿವಾಹಿತರ ಕಡಿಮೆ ಕಡಿತದ ವರ್ಗಕ್ಕೆ ಬದಲಾದರೆ ಸುಮಾರು 3,750. ಮದುವೆಯಾಗಿದೆ ಎಂಬ ಒಂದೇ ಕಾರಣಕ್ಕೆ ಮೊದಲ ತಿಂಗಳಿಂದಲೇ ವರ್ಗ 3ರ ಲೆಕ್ಕ ಹಾಕಿಕೊಂಡು ಹೋದವರು ಮೊದಲ ಸಂಬಳದ ಚೀಟಿ ನೋಡಿ ಕಂಗಾಲಾಗುವುದು ಇಲ್ಲೇ.

ಆದರೆ ಆ ವ್ಯತ್ಯಾಸ ಪೂರ್ತಿ ಕೈಬಿಟ್ಟು ಹೋಗುವುದಿಲ್ಲ. ಮನೆಯವರು ಆ ವರ್ಷದ ಡಿಸೆಂಬರ್ ಮುಗಿಯುವುದರೊಳಗೆ ಬಂದು ನೆಲೆಸಿದರೆ, ಇಡೀ ವರ್ಷಕ್ಕೆ ಜಂಟಿ ತೆರಿಗೆ ರಿಟರ್ನ್ ಹಾಕಿ ಹೆಚ್ಚುವರಿ ಕಡಿತವನ್ನು ವಾಪಸ್ ಪಡೆಯಬಹುದು. ಅದೇ ವರ್ಷ ನೀವಿಬ್ಬರೂ ಊರಲ್ಲಿ ಗಳಿಸಿದ ಸಂಬಳಕ್ಕೆ ಜರ್ಮನಿ ತೆರಿಗೆ ಹಾಕದಿದ್ದರೂ, ನಿಮ್ಮ ತೆರಿಗೆ ದರ ಗೊತ್ತುಮಾಡುವಾಗ ಅದನ್ನು ಪರಿಗಣಿಸುತ್ತದೆ. ಹಾಗಾಗಿ ವಾಪಸ್ ಬರುವ ಮೊತ್ತ ಅಂತರ್ಜಾಲದ ಕ್ಯಾಲ್ಕುಲೇಟರ್ ತೋರಿಸಿದ್ದಕ್ಕಿಂತ ಕಡಿಮೆ ಇರುತ್ತದೆ.

ಈಗ ಖರ್ಚು. ಬಾಡಿಗೆಯೇ ಇಲ್ಲಿ ನಿಜವಾದ ವಿಷಯ, ಮಿಕ್ಕದ್ದೆಲ್ಲ ಅದರ ಹಿಂದೆ. ಜರ್ಮನಿಯ ದೊಡ್ಡ ನಗರಗಳಲ್ಲಿ ಬಾಡಿಗೆಗೆ ಅತಿ ದುಬಾರಿ ಊರು ಮ್ಯೂನಿಕ್. ಜಾಹೀರಾತಿನಲ್ಲಿ ಎರಡು ಮೊತ್ತ ಕಾಣುತ್ತವೆ: ಕಾಲ್ಟ್ ಎಂದರೆ ಬರೀ ಜಾಗದ ಬಾಡಿಗೆ, ವಾರ್ಮ್ ಎಂದರೆ ಅದರ ಜೊತೆ ಸಾಮಾನ್ಯವಾಗಿ ಹೀಟಿಂಗ್, ನೀರು, ಕಸ ವಿಲೇವಾರಿ, ಕಟ್ಟಡದ ಶುಚಿತ್ವ. ಕರೆಂಟು ಮತ್ತು ಇಂಟರ್‌ನೆಟ್ ಹೆಚ್ಚಾಗಿ ಎರಡರಲ್ಲೂ ಇರುವುದಿಲ್ಲ. ವಾರ್ಮ್‌ನಲ್ಲಿ ಸೇರಿದ ಖರ್ಚು ಕೂಡ ಅಂದಾಜು ಮಾತ್ರ. ಲೆಕ್ಕದ ವರ್ಷ ಮುಗಿದ ಮೇಲೆ ಹನ್ನೆರಡು ತಿಂಗಳೊಳಗೆ ಮನೆಯ ಮಾಲೀಕರು ನಿಜವಾದ ಲೆಕ್ಕ ಕಳಿಸುತ್ತಾರೆ. ಚಳಿಗಾಲದಲ್ಲಿ ಹೀಟರ್ ಧಾರಾಳವಾಗಿ ಉರಿಸಿದ್ದರೆ ಆಗ ಕೆಲವು ನೂರು ಯೂರೋ ಒಮ್ಮೆಲೇ ಕಟ್ಟಬೇಕಾಗಬಹುದು.

ನಿಮ್ಮ ಮೂವರಿಗೆ ಸಾಕಾಗುವ ಮನೆಗೆ ತಿಂಗಳಿಗೆ ಕಾಲ್ಟ್ 1,600, ವಾರ್ಮ್ 1,900 ಎಂದು ಇಟ್ಟುಕೊಳ್ಳೋಣ. ಕರೆಂಟು, ಇಂಟರ್‌ನೆಟ್, ಫೋನಿಗೆ 150. ಪ್ರತಿ ಮನೆಯೂ ಕಟ್ಟಬೇಕಾದ ರೇಡಿಯೊ, ಟಿವಿ ಪ್ರಸಾರ ಶುಲ್ಕ 18.36. ಇಬ್ಬರಿಗೆ ಡಾಯ್ಚ್‌ಲಾಂಡ್ ಟಿಕೆಟ್ (ದೇಶದೆಲ್ಲೆಡೆ ಸ್ಥಳೀಯ ಬಸ್ಸು ರೈಲಿನ ತಿಂಗಳ ಪಾಸು) 2025ರ ದರದಲ್ಲಿ ತಲಾ 58ರಂತೆ 116. ಊಟ ಮತ್ತು ಮನೆಸಾಮಾನಿಗೆ 650. ಬಟ್ಟೆ, ಔಷಧ, ಶಿಶುವಿಹಾರ, ಸಣ್ಣಪುಟ್ಟ ವಿಮೆ ಇತ್ಯಾದಿಗೆ 350. ಒಟ್ಟು 3,200ರ ಹತ್ತಿರ. ನಿಮ್ಮ 3,750ಕ್ಕೆ ಮಗಳ ಹೆಸರಿನಲ್ಲಿ ಬರುವ ಸರ್ಕಾರಿ ಮಕ್ಕಳ ಭತ್ಯೆ 255 ಸೇರಿಸಿದರೆ ಆದಾಯ 4,000. ಉಳಿಯುವುದು ಸುಮಾರು 800 ಯೂರೋ. ಊರಿಗೆ ಬಂದುಹೋಗುವ ಮೂರು ಟಿಕೆಟ್‌ಗಳನ್ನೂ ಇದರಲ್ಲೇ ತೆಗೆಯಬೇಕು. ಹೋಲಿಸಬೇಕಾದದ್ದು ಈ 800ನ್ನು ಈಗ ನೀವು ತಿಂಗಳಿಗೆ ಉಳಿಸುತ್ತಿರುವ ಮೊತ್ತದ ಜೊತೆ.

ನಿಮ್ಮ ಹೆಂಡತಿಯೂ ಕೆಲಸಕ್ಕೆ ಸೇರುತ್ತಾರಲ್ಲ ಎನ್ನಬಹುದು. ಬ್ಲೂ ಕಾರ್ಡ್ (ನಿಗದಿತ ಮಿತಿಗಿಂತ ಹೆಚ್ಚು ಸಂಬಳದ ವಿದೇಶಿ ಪರಿಣತರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ) ಪಡೆದವರ ಸಂಗಾತಿಗೆ ಬಂದ ದಿನದಿಂದಲೇ ದುಡಿಯುವ ಹಕ್ಕಿದೆ, ನಿಜ. ನಿಮ್ಮ ಸಂಬಳ 2025ರ ಬ್ಲೂ ಕಾರ್ಡ್ ಮಿತಿಯಾದ 48,300ಕ್ಕಿಂತ ಸಾಕಷ್ಟು ಮೇಲಿದೆ. ತೊಡಕು ಇರುವುದು ಮಗಳ ಶಿಶುವಿಹಾರದಲ್ಲಿ. ಒಂದು ವರ್ಷ ತುಂಬಿದ ಮಗುವಿಗೆ ಜಾಗ ಪಡೆಯುವ ಹಕ್ಕು 2013ರಿಂದ ಕಾನೂನಿನಲ್ಲಿದೆ, ಆದರೆ ಜಾಗಗಳೇ ಸಾಲವು. ಹಾಗಾಗಿ ಮೊದಲ ವರ್ಷದ ಲೆಕ್ಕದಲ್ಲಿ ಎರಡನೇ ಸಂಬಳವನ್ನು ಸೇರಿಸಬೇಡಿ. ಮುಂದೆ ಅವರು ಕೆಲಸಕ್ಕೆ ಸೇರಿ, ನೀವು ವರ್ಗ 3ರಲ್ಲೇ ಉಳಿದರೆ ಅವರಿಗೆ ವರ್ಗ 5 ಬರುತ್ತದೆ, ಕಡಿತ ವಿಪರೀತ ಅನ್ನಿಸುತ್ತದೆ. ಅದರಿಂದ ದುಡಿಯುವುದೇ ವ್ಯರ್ಥ ಎಂದುಕೊಳ್ಳಬೇಡಿ. ವರ್ಗ ಯಾವುದಾದರೂ ವರ್ಷದ ಕೊನೆಗೆ ಇಬ್ಬರ ಜಂಟಿ ತೆರಿಗೆ ಒಂದೇ.

ಹೋಲಿಕೆಯಲ್ಲಿ ಜನ ಮರೆಯುವ ಅನುಕೂಲಗಳನ್ನೂ ಹೇಳಬೇಕು. ಸರ್ಕಾರಿ ಆರೋಗ್ಯ ವಿಮೆಯಲ್ಲಿ ದುಡಿಯದ ಸಂಗಾತಿ ಮತ್ತು ಮಗು ಹೆಚ್ಚುವರಿ ಕಂತಿಲ್ಲದೆ ಸೇರುತ್ತಾರೆ. ಕಾಯಿಲೆ ಬಿದ್ದರೆ ಆರು ವಾರದವರೆಗೆ ಕಂಪನಿ ಪೂರ್ತಿ ಸಂಬಳ ಕೊಡಬೇಕು, ಆದರೆ ಈ ಹಕ್ಕು ಸೇರಿದ ನಾಲ್ಕು ವಾರದ ನಂತರ ಶುರುವಾಗುತ್ತದೆ. ‘ಖಾಸಗಿ ವಿಮೆ ಅಗ್ಗ’ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. 2025ರಲ್ಲಿ 73,800ಕ್ಕಿಂತ ಕಡಿಮೆ ಸಂಬಳದ ನೌಕರರಿಗೆ ಆ ದಾರಿಯೇ ಇಲ್ಲ.

ನಮಗೆ ಹೆಚ್ಚು ಕಾಳಜಿ ಇರುವುದು ಮೊದಲ ಆರು ತಿಂಗಳ ಬಗ್ಗೆ. ಮನೆ ಸಿಕ್ಕಾಗ ಠೇವಣಿಯಾಗಿ ಮೂರು ತಿಂಗಳ ಕಾಲ್ಟ್ ಬಾಡಿಗೆಯವರೆಗೆ, ನಮ್ಮ ಲೆಕ್ಕದಲ್ಲಿ 4,800, ಕೇಳಬಹುದು. ಅದನ್ನು ಮೂರು ಮಾಸಿಕ ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ. ಬಹಳಷ್ಟು ಮನೆಗಳಲ್ಲಿ ಅಡುಗೆಮನೆ ಬರೀ ಗೋಡೆ ಮತ್ತು ನಲ್ಲಿ ಸಂಪರ್ಕ: ಒಲೆ, ಸಿಂಕು, ಕಪಾಟು ನೀವೇ ತರಬೇಕು, ಇಲ್ಲವೇ ಹಿಂದಿನ ಬಾಡಿಗೆದಾರರಿಂದ ಕೊಳ್ಳಬೇಕು. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಮಾಲೀಕರ ದೃಢೀಕರಣ ಪತ್ರ ಬೇಕು. ತಾತ್ಕಾಲಿಕ ಮನೆ ಗೊತ್ತುಮಾಡುವಾಗಲೇ ಆ ಪತ್ರ ಕೊಡುತ್ತಾರೆಯೇ ಎಂದು ಕೇಳಿ. ನೋಂದಣಿ ಇಲ್ಲದಿದ್ದರೆ ತೆರಿಗೆ ಸಂಖ್ಯೆ ಬರುವುದಿಲ್ಲ, ಸಂಖ್ಯೆ ತಡವಾದರೆ ಅತಿ ಹೆಚ್ಚು ಕಡಿತದ ವರ್ಗ 6ರಲ್ಲಿ ಸಂಬಳ ಬರುವ ಸಂಭವವಿದೆ.

ಜೊತೆಗೆ ಪ್ರೊಬೇಷನ್ ಸಾಮಾನ್ಯವಾಗಿ ಆರು ತಿಂಗಳು. ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಕೆಲಸದಿಂದ ತೆಗೆಯಬಹುದು. ನಿರುದ್ಯೋಗ ಭತ್ಯೆಗೆ ಹನ್ನೆರಡು ತಿಂಗಳು ಕಂತು ಕಟ್ಟಿರಬೇಕು, ಅಷ್ಟರಲ್ಲಿ ನಿಮಗೆ ಏನೂ ಸಿಗದು. ಠೇವಣಿ, ಮೊದಲ ಬಾಡಿಗೆ, ಅಡುಗೆಮನೆಯ ಖರ್ಚು ಬಿಟ್ಟು ಮೂರು ತಿಂಗಳ ಜೀವನಕ್ಕೂ ಮೂರು ತಿಂಗಳ ಸಾಲದ ಕಂತಿಗೂ ಆಗುವಷ್ಟು ಹಣ ಕೈಯಲ್ಲಿಲ್ಲದಿದ್ದರೆ ಕುಟುಂಬವನ್ನು ಪ್ರೊಬೇಷನ್ ಮುಗಿದ ಮೇಲೆ ಕರೆಸಿಕೊಳ್ಳಿ.

ನಮ್ಮ ಅಭಿಪ್ರಾಯ: ಈ ಸಂಬಳದಲ್ಲಿ ಮೂವರು ಮ್ಯೂನಿಕ್‌ನಲ್ಲಿ ಮರ್ಯಾದೆಯಿಂದ ಬದುಕಬಹುದು, ಆದರೆ ಸಾಲ ಬೇಗ ತೀರಿಸುವ ಆಸೆಯಿಂದ ಹೋಗುವುದಾದರೆ ಸಾಲದು. ಆದ್ದರಿಂದ ಸಹಿ ಹಾಕುವ ಮೊದಲು ಚೌಕಾಸಿ ಮಾಡಿ. 70,000 ಕೇಳಿ. ವರ್ಗ 3ರಲ್ಲಿ ಕೈಗೆ ಸುಮಾರು 260 ಯೂರೋ ಹೆಚ್ಚು ಬರುತ್ತದೆ, ಅಂದರೆ ನಿಮ್ಮ ಉಳಿಕೆ ಮೂರನೇ ಒಂದರಷ್ಟು ಏರುತ್ತದೆ. ಒಪ್ಪದಿದ್ದರೆ ಸ್ಥಳಾಂತರದ ಖರ್ಚನ್ನು ಬೋನಸ್ ರೂಪದಲ್ಲಿ ಬೇಡ, ರಸೀದಿಗೆ ತಕ್ಕ ಮರುಪಾವತಿಯಾಗಿ ಕೊಡಿ ಎನ್ನಿ. ಬೋನಸ್‌ಗೆ ತೆರಿಗೆ ಬೀಳುತ್ತದೆ, ನೌಕರಿಗಾಗಿ ಮನೆ ಬದಲಿಸಿದ ಖರ್ಚಿನ ಮರುಪಾವತಿಗೆ ನಿಯಮದ ಮಿತಿಯೊಳಗೆ ಬೀಳುವುದಿಲ್ಲ. ಇಂತಿಷ್ಟು ತಿಂಗಳೊಳಗೆ ಕೆಲಸ ಬಿಟ್ಟರೆ ಆ ಹಣ ಹಿಂತಿರುಗಿಸಬೇಕೆಂಬ ಷರತ್ತು ಒಪ್ಪಂದದಲ್ಲಿದ್ದರೆ, ಕಂಪನಿಯೇ ನಿಮ್ಮನ್ನು ತೆಗೆದಾಗಲೂ ಅದು ಅನ್ವಯಿಸುತ್ತದೆಯೇ ಎಂಬುದಕ್ಕೆ ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ.