ತುಮಕೂರಿನ ತಂಗಿಗೆ: 10ಕೆ ಓಟ ಮತ್ತು ದೇಣಿಗೆಯ ಬಗ್ಗೆ

ಒಂಬತ್ತು ವರ್ಷದ ಮಗಳಿಗೆ ಟೈಪ್ 1 ಮಧುಮೇಹ ಇದೆ, ಅದೇ ಕಾಯಿಲೆಯ ಬಡ ಮಕ್ಕಳ ಇನ್ಸುಲಿನ್‌ಗಾಗಿ ಬೆಂಗಳೂರಿನ ವರ್ಲ್ಡ್ 10ಕೆ, ಅಂದರೆ ಹತ್ತು ಕಿಲೋಮೀಟರ್ ಓಟ, ಓಡಿ ಹಣ ಕೂಡಿಸಬೇಕು, ಬಸ್ ಹಿಡಿಯುವುದಕ್ಕೆ ಬಿಟ್ಟರೆ ಇದುವರೆಗೆ ಓಡಿದವಳಲ್ಲ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ನನ್ನ ಮಗನಿಗೂ ಅದೇ ಕಾಯಿಲೆ. ಮೂರು ಸಲ ಓಡಿದ್ದೇನೆ, ಮೂರು ಸಲವೂ ಕೊನೆಯ ಗುಂಪಿನಲ್ಲೇ ಮುಗಿಸಿದ್ದೇನೆ. ಹಾಗಾಗಿ ಓಟದ ಬಗ್ಗೆ ಕಡಿಮೆ, ಹಣದ ಬಗ್ಗೆ ಹೆಚ್ಚು ಹೇಳುತ್ತೇನೆ.

ಓಟಕ್ಕೆ ನಾವು ಕಟ್ಟುವ ನೋಂದಣಿ ಶುಲ್ಕವೇ ದೇಣಿಗೆ ಎಂದು ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಅದು ರಸ್ತೆ, ನೀರು, ಟೀ ಶರ್ಟ್, ಪದಕಗಳ ಖರ್ಚಿಗೆ ಹೋಗುತ್ತದೆ. ದೇಣಿಗೆಯನ್ನು ಬೇರೆಯಾಗಿಯೇ ಕೂಡಿಸಬೇಕು. ಆದ್ದರಿಂದ ಶೂ ಕೊಳ್ಳುವ ಮೊದಲು ಸಂಸ್ಥೆಯನ್ನು ಆರಿಸಿ. ಓಟದ ಜೊತೆ ಕೈಜೋಡಿಸಿರುವ ಸಂಸ್ಥೆಗಳ ಪಟ್ಟಿಯಲ್ಲಿ ಮಧುಮೇಹದ ಮಕ್ಕಳಿಗೆ ಕೆಲಸ ಮಾಡುವವರು ಇದ್ದಾರೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಮಗಳ ವೈದ್ಯರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಸುಲಭ ಎಂದು ನನ್ನದೇ ಯುಪಿಐ ಸಂಖ್ಯೆ ಕೊಟ್ಟೆ. ಹಾಲಿನವರ ಲೆಕ್ಕ, ಚೀಟಿ ಹಣ, ದೇಣಿಗೆ ಎಲ್ಲವೂ ಒಂದೇ ಖಾತೆಯಲ್ಲಿ ಕಲಸಿಹೋಯಿತು. ಮಾರ್ಚ್ ಬಂದಾಗ ಭಾವನವರು ರಸೀದಿ ಕೇಳಿದರು, ನನ್ನ ಬಳಿ ಏನಿತ್ತು? ಹಣ ನೇರವಾಗಿ ಸಂಸ್ಥೆಯ ಖಾತೆಗೇ ಹೋಗಲಿ. ಸಂಸ್ಥೆಗೆ 80ಜಿ ನೋಂದಣಿ (ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ ನೋಂದಣಿ) ಇದ್ದು, ಕೊಡುವವರು ಪ್ಯಾನ್ ಸಂಖ್ಯೆ ಕೊಟ್ಟರೆ ಅವರಿಗೆ ಪ್ರಮಾಣಪತ್ರ ಸಿಗುತ್ತದೆ. 2,000 ರೂಪಾಯಿ ಮೀರಿ ನಗದು ಕೊಟ್ಟರೆ ತೆರಿಗೆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ. ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಮುನಿಸು ಬೇಡ.

ಅಮೆರಿಕದಲ್ಲಿ ಅಣ್ಣ ಇದ್ದಾರೆ ಎಂದಿದ್ದೀರಿ. ಅವರ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ ಆಗಿದ್ದರೆ ತೊಂದರೆಯಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅವರ ಹಣ ವಿದೇಶಿ ದೇಣಿಗೆ ಎನಿಸುತ್ತದೆ. ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ಅಡಿ ನೋಂದಣಿ ಇರುವ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು, ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯ ಮೂಲಕ. ಅಣ್ಣ ನಿಮಗೆ ಕಳಿಸಿ, ನೀವು ಸಂಸ್ಥೆಗೆ ದಾಟಿಸುವ ಉಪಾಯ ಬೇಡವೇ ಬೇಡ.

ಹಣದ ಬದಲು ಸಿರಿಂಜ್, ಔಷಧಿ ಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ. ನಯವಾಗಿ ಬೇಡ ಎನ್ನಿ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನದು 100 ಯೂನಿಟ್. ಒಂದರ ಸಿರಿಂಜಿನಲ್ಲಿ ಇನ್ನೊಂದನ್ನು ಎಳೆದರೆ ಪ್ರಮಾಣ ಎರಡೂವರೆ ಪಟ್ಟು ಏರುಪೇರಾಗುತ್ತದೆ. ನಿಮಗೆ ಇದು ಗೊತ್ತು, ಪ್ರೀತಿಯಿಂದ ಪೆಟ್ಟಿಗೆ ತುಂಬಿ ಕಳಿಸುವವರಿಗೆ ಗೊತ್ತಿರುವುದಿಲ್ಲ. ಏನು ಬೇಕೋ ಸಂಸ್ಥೆಯವರೇ ಕೊಳ್ಳಲಿ.

ಕೇಳುವ ಬಗೆಯ ಮೇಲೆ ಎಲ್ಲವೂ ನಿಂತಿದೆ. ಇನ್ನೂರು ಜನರ ವಾಟ್ಸಾಪ್ ಗುಂಪಿಗೆ ಹಾಕಿದ ಸಂದೇಶಕ್ಕೆ ನನಗೆ ಕೈ ಮುಗಿದ ಚಿತ್ರಗಳು ರಾಶಿ ಬಂದವು, ದೇಣಿಗೆ ಬಂದದ್ದು ಮೂರು. ಒಬ್ಬೊಬ್ಬರಿಗೇ ಫೋನ್ ಮಾಡಿದಾಗ ಇಲ್ಲ ಎಂದವರು ವಿರಳ. ‘ಮಧುಮೇಹಕ್ಕೆ ಸಹಾಯ ಮಾಡಿ’ ಎಂದರೆ ಎದುರಿನವರಿಗೆ ಕಾಣುವುದು ಸಕ್ಕರೆಯಿಲ್ಲದ ಕಾಫಿ ಕುಡಿಯುವ ಮಾವನವರು. ಈ ಮಕ್ಕಳ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತಿದೆ, ಸಿಹಿ ತಿಂದು ಬಂದ ಕಾಯಿಲೆಯಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ. ಆಮೇಲೆ ಲೆಕ್ಕ ಕೊಡಿ. ರಕ್ತದ ಸಕ್ಕರೆ ನೋಡಲು ನಾನು ಕೊಳ್ಳುವ ಸ್ಟ್ರಿಪ್ ಒಂದಕ್ಕೆ 20 ರೂಪಾಯಿ. ದಿನಕ್ಕೆ ನಾಲ್ಕು ಸಲ ಪರೀಕ್ಷೆ ಎಂದರೆ ತಿಂಗಳಿಗೆ 2,400. ‘ಒಂದು ಮಗುವಿನ ಒಂದು ತಿಂಗಳ ಸ್ಟ್ರಿಪ್ ನಿಮ್ಮದಾಗಲಿ’ ಎಂದು ಕೇಳಿದರೆ ಕೊಡುವ ಕೈಗೆ ಅಳತೆ ಸಿಗುತ್ತದೆ.

ಓಟಕ್ಕೆ ಹನ್ನೆರಡು ವಾರ ಸಾಕು. ವಾರಕ್ಕೆ ಮೂರು ದಿನ ಅಮಾನಿಕೆರೆಯ ಕಡೆ ಹೋಗಿ, ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ನಡಿಗೆಯನ್ನು ಮೆಲ್ಲಗೆ ಕಡಿಮೆ ಮಾಡುತ್ತಾ ಬನ್ನಿ. ಹೊಸ ಶೂ ಓಟದ ದಿನವೇ ಹಾಕಬೇಡಿ. ಏಪ್ರಿಲ್ ಕೊನೆಯ ಬಿಸಿಲು ಏಳು ಗಂಟೆಗೇ ಚುರುಗುಟ್ಟುತ್ತದೆ, ನೀರಿನ ಮೇಜನ್ನು ಬಿಟ್ಟು ಮುಂದೆ ಹೋಗಬೇಡಿ.

ಮಗಳು ಚಿಕ್ಕ ಓಟಕ್ಕೆ ಬರುತ್ತೇನೆಂದರೆ ಕರೆದುಕೊಂಡು ಹೋಗಿ. ಇನ್ಸುಲಿನ್ ಪ್ರಮಾಣ ಎಷ್ಟಿರಲಿ ಎಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಹೊರಡುವ ಮುನ್ನ ಸಕ್ಕರೆ ಮಟ್ಟ ನೋಡಿ, ಸಕ್ಕರೆ ತೀರಾ ಇಳಿದರೆ ಕೊಡಲು ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ಶೇಂಗಾ ಉಂಡೆ ಆ ಹೊತ್ತಿಗೆ ಬೇಗ ಕೆಲಸ ಮಾಡುವುದಿಲ್ಲ. ಅಂದು ರಾತ್ರಿ ಇನ್ನೊಮ್ಮೆ ನೋಡಿ, ಓಡಿದ ಎಷ್ಟೋ ಗಂಟೆಗಳ ನಂತರವೂ ಸಕ್ಕರೆ ಇಳಿಯಬಹುದು.

ಇನ್ನೊಂದು ಮಾತು, ಇದನ್ನು ಮೊದಲೇ ಬರೆಯಬೇಕಿತ್ತು. ಯಾರನ್ನಾದರೂ ಹಣ ಕೇಳುವ ಮೊದಲು ಮಗಳನ್ನು ಕೇಳಿ. ನಾನು ಮಗನ ಫೋಟೊ, ಕಾಯಿಲೆ ಎರಡನ್ನೂ ಎಲ್ಲರಿಗೂ ಕಳಿಸಿಬಿಟ್ಟಿದ್ದೆ. ಎಂಟನೆಯ ತರಗತಿಯ ಗೆಳೆಯರಿಗೆ ಅದುವರೆಗೆ ಗೊತ್ತಿರಲಿಲ್ಲ. ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಮರುವರ್ಷ ಫೋಟೊ ಹಾಕದೆ, ಸಂದೇಶವನ್ನು ನೀನೇ ಬರೆದುಕೊಡು ಎಂದೆ. ‘ಅಮ್ಮ ತುಂಬಾ ನಿಧಾನವಾಗಿ ಓಡುತ್ತಾಳೆ. ನೀವಾದರೂ ಬೇಗ ಕೊಡಿ’ ಎಂದು ಎರಡು ಸಾಲು ಬರೆದ. ಆ ಸಲ ಸಂಸ್ಥೆಗೆ ಹೋದ ಹಣ ಹಿಂದಿನ ವರ್ಷಕ್ಕಿಂತ ಹೆಚ್ಚು.