ಮಟ್‌ನಲ್ಲಿ ಪಟ್ಟಿ ಮತ್ತು ಮೇಲ್ ಎರಡೂ ಒಂದೇ ಸ್ಕ್ರೀನಿನಲ್ಲಿ

ನಮಸ್ಕಾರ ಸರ್. ಮಟ್‌ನಲ್ಲಿ (ಟರ್ಮಿನಲ್, ಅಂದರೆ ಬರೀ ಅಕ್ಷರಗಳ ಕಮಾಂಡ್ ಕಿಟಕಿಯಲ್ಲಿ ಓಡುವ ಮೇಲ್ ಪ್ರೋಗ್ರಾಂ) ಮೇಲ್ ತೆರೆದರೆ ಪಟ್ಟಿ ಮಾಯ, ಪಟ್ಟಿಗೆ ಬಂದರೆ ಮೇಲ್ ಮಾಯ, ಉತ್ತರ ಬರೆಯಲು ಕೂತರೆ ಎರಡೂ ಮಾಯ ಅಂತ ಬರೆದಿದ್ದೀರಿ. ಒಂದೇ ಟರ್ಮಿನಲ್ಲನ್ನು ಹಲವು ಅಂಕಣ ಮಾಡುವ ಟಿಮಕ್ಸ್ ಹಾಕಿಕೊಂಡು ಸ್ಕ್ರೀನ್ ಸೀಳಲಾ ಅಂತ ಕೇಳಿದ್ದೀರಿ. ಓದುವುದಕ್ಕೆ ಟಿಮಕ್ಸ್ ಬೇಡ, ಬರೆಯುವುದಕ್ಕೆ ಬೇಕು. ನಾನು ಮೊದಮೊದಲು ಎರಡಕ್ಕೂ ಅದನ್ನೇ ಹಚ್ಚಿ ಸುಮ್ನೆ ಒದ್ದಾಡಿದೆ.

ಫೋನಿನಲ್ಲಿ ಕನ್ನಡ ಕೀಲಿಮಣೆಯಲ್ಲೇ ಬರೆಯುತ್ತಿದ್ದೇನೆ. ಹಾಗಾಗಿ ಸೆಟ್ಟಿಂಗ್‌ಗಳ ಹೆಸರು ಉಚ್ಚಾರದಂತೆ ಇವೆ. ಫೈಲಿಗೆ ಹಾಕುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ನಾನು ಅಡ್ಡಗೆರೆ ಹಾಕಿದ ಕಡೆ ಅಂಡರ್‌ಸ್ಕೋರ್.

ಓದುವುದಕ್ಕೆ ಬೇಕಾದದ್ದು ಮಟ್ ಒಳಗೇ ಇದೆ, ಒಂದೇ ಸಾಲು: ಸೆಟ್ ಪೇಜರ್_ಇಂಡೆಕ್ಸ್_ಲೈನ್ಸ್=7. ಇದು ಮೊದಲಿಗೆ 0 ಇರುತ್ತದೆ, ಅದಕ್ಕೇ ಪಟ್ಟಿ ಕಾಣುವುದಿಲ್ಲ. ಫೈಲ್ ತಿದ್ದುವ ಮೊದಲು ಪಟ್ಟಿಯಲ್ಲಿ ಕೋಲನ್ ಒತ್ತಿ ಅಲ್ಲೇ ಟೈಪ್ ಮಾಡಿ, ಆಮೇಲೆ ಒಂದು ಮೇಲ್ ತೆರೆದು ನೋಡಿ. ಮೇಲುಗಡೆ ಪಟ್ಟಿಯ ತುಂಡು, ಕೆಳಗೆ ಮೇಲ್ ಬರುತ್ತದೆ. ಹಿಡಿಸಿದರೆ ಮಟ್‌ನ ಸೆಟ್ಟಿಂಗ್ ಫೈಲಿಗೆ ಸೇರಿಸಿ.

7 ಯಾಕೆ ಅಂದರೆ, ಮಾಮೂಲಿ 24 ಸಾಲಿನ ಟರ್ಮಿನಲ್ ಲೆಕ್ಕ ಹಾಕಿ. ಮೇಲ್ತುದಿಯಲ್ಲಿ ಕೀಲಿಗಳನ್ನು ನೆನಪಿಸುವ ಸಹಾಯಕ್ಕೆ 1 ಸಾಲು. ಪಟ್ಟಿಯ ತುಂಡಿಗೆ 7, ಅದರಲ್ಲೂ 1 ಸ್ಟೇಟಸ್ ಸಾಲಿಗೆ ಹೋಗಿ ನಿಜವಾಗಿ ಕಾಣುವುದು 6 ಮೇಲ್. ಕೆಳಗೆ ಇನ್ನೊಂದು ಸ್ಟೇಟಸ್ ಸಾಲು, ಕಮಾಂಡ್ ಸಾಲು. ಮೇಲ್ ಓದಲು ಉಳಿದದ್ದು 14 ಸಾಲು. ಸೆಟ್ ಹೆಲ್ಪ್=ನೋ ಅಂದರೆ 15. ಆ 15ರಲ್ಲಿ ಹೆಡರ್‌ಗಳೇ (ಮೇಲ್‌ನ ತಲೆಯಲ್ಲಿ ಬರುವ ಯಾರಿಂದ, ಯಾವಾಗ ಇತ್ಯಾದಿ ವಿವರ) ಹತ್ತು ಸಾಲು ತಿಂದರೆ ಏನು ಓದುತ್ತೀರಿ? ಆದ್ದರಿಂದ ಇಗ್ನೋರ್ ಬರೆದು ಮುಂದೆ ನಕ್ಷತ್ರ ಚಿಹ್ನೆ ಹಾಕಿ. ಅದರ ಕೆಳಗಿನ ಸಾಲಿನಲ್ಲಿ ಅನ್‌ಇಗ್ನೋರ್ ಫ್ರಂ ಡೇಟ್ ಸಬ್ಜೆಕ್ಟ್. ಪೂರ್ತಿ ಹೆಡರ್ ಬೇಕೆನಿಸಿದಾಗ ಸಣ್ಣ ಎಚ್ ಒತ್ತಿದರೆ ಸಾಕು.

ಈಗ ನಾನು ಬಿದ್ದ ಗುಂಡಿ ಹೇಳುತ್ತೇನೆ. ಮೇಲ್ ತೆರೆದಿರುವಾಗ ಸಣ್ಣ ಜೆ ಒತ್ತಿದರೆ ಒಂದು ಸಾಲು ಕೆಳಗೆ ಹೋಗುವುದಿಲ್ಲ, ಮುಂದಿನ ಮೇಲ್‌ಗೇ ಹೋಗುತ್ತದೆ. ಜೆ ಒತ್ತಿದರೆ ಒಂದು ಸಾಲು ಇಳಿಯುವ ವಿಮ್ ಎಡಿಟರ್ ಬಳಸಿ ಬಂದ ಬೆರಳಿಗೆ ಇದು ಗೊತ್ತಿಲ್ಲ. ನಮ್ಮದು ಸಣ್ಣ ಪ್ರೆಸ್. ಒಂದು ಲಗ್ನಪತ್ರಿಕೆ ತಿದ್ದುಪಡಿ ಬಂದಿತ್ತು, ಮುಹೂರ್ತದ ಸಮಯ ಬದಲಾಗಿತ್ತು. ಅದರ ಹಿಂದಿನ ಮೇಲ್ ಓದುತ್ತಾ ನಾನು ಜೆ ಜೆ ಜೆ ಒತ್ತಿದೆ. ತಿದ್ದುಪಡಿ ಕಣ್ಣೆದುರೇ ತೆರೆದು ಮುಚ್ಚಿಹೋಯಿತು. ಹೊಸ ಮೇಲ್ ಎಂಬ ಗುರುತು ಹೋದ ಮೇಲೆ ಪಟ್ಟಿಯಲ್ಲಿ ಅದು ಓದಿದ್ದರ ಹಾಗೇ ಕೂತಿತ್ತು. ಅಚ್ಚಿನ ಪ್ಲೇಟ್‌ಗೆ ಹೋಗುವ ಮುಂಚೆ ಗಿರಾಕಿಯೇ ಫೋನ್ ಮಾಡಿದ್ದಕ್ಕೆ ಬಚಾವಾದೆ.

ಅವತ್ತೇ ಹಾಕಿದ ಸಾಲುಗಳು ಇವು: ಬೈಂಡ್ ಪೇಜರ್ ಜೆ ನೆಕ್ಸ್ಟ್-ಲೈನ್, ಬೈಂಡ್ ಪೇಜರ್ ಕೆ ಪ್ರೀವಿಯಸ್-ಲೈನ್ (ಪೇಜರ್ ಅಂದರೆ ಮೇಲ್ ಓದುವ ಪರದೆ; ಇಲ್ಲಿ ಮಾತ್ರ ಹೈಫನ್, ಅಂಡರ್‌ಸ್ಕೋರ್ ಅಲ್ಲ). ಮುಂದಿನ ಹಿಂದಿನ ಮೇಲ್‌ಗೆ ದೊಡ್ಡ ಜೆ, ದೊಡ್ಡ ಕೆ ಹೇಗೂ ಇವೆ. ಜೊತೆಗೆ ಸೆಟ್ ಪೇಜರ್_ಸ್ಟಾಪ್ ಹಾಕಿ. ಇಲ್ಲದಿದ್ದರೆ ಸ್ಪೇಸ್ ಒತ್ತಿ ಓದುತ್ತಾ ಮೇಲ್‌ನ ಕೊನೆ ಮುಟ್ಟಿದಾಗ ತಾನಾಗೇ ಮುಂದಿನದಕ್ಕೆ ಜಾರುತ್ತದೆ. ಇಷ್ಟಾದರೂ ಕೈತಪ್ಪಿ ತೆರೆದರೆ ದೊಡ್ಡ ಎನ್ ಒತ್ತಿ, ಮತ್ತೆ ಹೊಸದೆಂದು ಗುರುತಾಗುತ್ತದೆ.

ಫೋಲ್ಡರ್‌ಗಳನ್ನು ಪಕ್ಕದಲ್ಲಿ ತೋರಿಸುವ ಸೈಡ್‌ಬಾರ್ ಬಗ್ಗೆಯೂ ಕೇಳಿದ್ದೀರಿ. 80 ಕಾಲಮ್ಮಿನಲ್ಲಿ ಅದಕ್ಕೆ ಜಾಗ ಕೊಡುವುದು ದಂಡ. ಸಣ್ಣ ಸಿ ಒತ್ತಿ, ಆಮೇಲೆ ಸ್ಪೇಸ್ ಒತ್ತುತ್ತಾ ಹೋದರೆ ಹೊಸ ಮೇಲ್ ಬಂದ ಫೋಲ್ಡರ್‌ಗಳು ಒಂದೊಂದೇ ಬರುತ್ತವೆ.

ಇನ್ನು ಬರೆಯುವಾಗ. ಇಲ್ಲಿ ಟಿಮಕ್ಸ್ ಬೇಕೇ ಬೇಕು. ಟಿಮಕ್ಸ್ ಒಳಗೆ ಮಟ್ ತೆರೆದು ಉತ್ತರ ಬರೆಯಲು ಶುರುಮಾಡಿ. ಹಳೆಯ ಮೇಲ್ ನೋಡಬೇಕೆನಿಸಿದಾಗ ಕಂಟ್ರೋಲ್-ಬಿ ಒತ್ತಿ, ಬಿಟ್ಟು, ಡಬಲ್ ಕೋಟ್ ಚಿಹ್ನೆ ಒತ್ತಿ. ಕೆಳಗೆ ಇನ್ನೊಂದು ಅಂಕಣ ತೆರೆಯುತ್ತದೆ. ಅಲ್ಲಿ ಎರಡನೇ ಮಟ್ ಓಡಿಸಿ, ಆದರೆ ಹೈಫನ್ ದೊಡ್ಡ ಆರ್ ಸೇರಿಸಿ. ಅಂದರೆ ಬರೀ ಓದಲು. ಆಗ ಅದು ಏನನ್ನೂ ಅಳಿಸುವುದಿಲ್ಲ, ಗುರುತುಗಳನ್ನೂ ಬದಲಿಸುವುದಿಲ್ಲ. ಒಂದೇ ಡಬ್ಬಿಗೆ ಎರಡು ಮಟ್ ಕೈ ಹಾಕಿ ಗಲಾಟೆ ಮಾಡಿಕೊಳ್ಳುವುದು ತಪ್ಪುತ್ತದೆ. ಅದರಲ್ಲಿ ಸಣ್ಣ ಎಲ್ ಒತ್ತಿ, ಟಿಲ್ಡೆ (ಅಲೆಯಂಥ ಗೆರೆ), ಅದಕ್ಕಂಟಿ ಸಣ್ಣ ಎಫ್, ಒಂದು ಸ್ಪೇಸ್, ಆಮೇಲೆ ಕಳಿಸಿದವರ ಹೆಸರು ಕೊಡಿ. ಅವರ ಮೇಲ್‌ಗಳಷ್ಟೇ ಉಳಿಯುತ್ತವೆ. ಹಿಂದಿನ ಸಲ ಎಷ್ಟು ಪ್ರತಿ, ಯಾವ ಪೇಪರ್ ಅಂತ ಅಲ್ಲೇ ನೋಡಿಕೊಂಡು ಮೇಲೆ ಬರೆಯುತ್ತೇನೆ. ಅಂಕಣ ಬದಲಿಸಲು ಕಂಟ್ರೋಲ್-ಬಿ, ಓ. ಜಾಗ ಸಾಲದಿದ್ದರೆ ಕಂಟ್ರೋಲ್-ಬಿ, ಜೆಡ್. ನೀವಿರುವ ಅಂಕಣ ಪೂರ್ತಿ ಸ್ಕ್ರೀನ್ ಆಗುತ್ತದೆ, ಇನ್ನೊಮ್ಮೆ ಒತ್ತಿದರೆ ಮೊದಲಿನಂತೆ.

ಎಡಬಲ ಯಾಕೆ ಸೀಳಬಾರದು ಅಂತ ಕೇಳಬಹುದು. ಇಂಗ್ಲಿಷ್ ಮೇಲ್ ಮಾತ್ರ ಆದರೆ ಸೀಳಿ, ತೊಂದರೆ ಇಲ್ಲ. ನಮ್ಮ ತಕರಾರು ಕನ್ನಡದ್ದು. ಟರ್ಮಿನಲ್ ಒಂದೊಂದು ಅಕ್ಷರಕ್ಕೆ ಒಂದೊಂದು ಮನೆ ಅಂತ ಎಣಿಸುತ್ತದೆ. "ಲಗ್ನಪತ್ರಿಕೆ" ಬಂದರೆ ಗ್ನ, ತ್ರಿ ಎಷ್ಟು ಮನೆ? ಮಟ್‌ನ ಲೆಕ್ಕ ಒಂದು, ಟರ್ಮಿನಲ್ ಬಿಡಿಸುವುದು ಇನ್ನೊಂದು. ಎಡಬಲ ಸೀಳಿದರೆ ನಡುವಿನ ಗೆರೆ ಅಂಕುಡೊಂಕಾಗಿ, ಒಂದು ಕಡೆಯ ಅಕ್ಷರ ಇನ್ನೊಂದು ಕಡೆಗೆ ಚೆಲ್ಲುತ್ತದೆ. ಮೇಲೆ ಕೆಳಗೆ ಸೀಳಿದರೆ ಆ ಅವಾಂತರ ಅದೇ ಸಾಲಿನ ಬಲ ತುದಿಯಲ್ಲಿ ಮುಗಿಯುತ್ತದೆ. ಪಟ್ಟಿಯಲ್ಲಿ ವಿಷಯ ಕೊನೆಯ ಕಾಲಮ್ ಆಗಿರುವುದೂ ಪುಣ್ಯವೇ. ಕಳಿಸಿದವರ ಹೆಸರು ಕನ್ನಡದಲ್ಲಿದ್ದರೆ ಮಾತ್ರ ಮುಂದಿನ ಕಾಲಮ್ ಜರುಗುತ್ತದೆ. ಅದಕ್ಕೆ ನಾನು ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಅಲಿಯಾಸ್ (ವಿಳಾಸಕ್ಕೆ ನಾವೇ ಇಡುವ ಹೆಸರು) ಮಾಡಿಟ್ಟು, ಸೆಟ್ ರಿವರ್ಸ್_ಅಲಿಯಾಸ್ ಹಾಕಿದ್ದೇನೆ. ಪಟ್ಟಿಯಲ್ಲಿ ನಾನಿಟ್ಟ ಹೆಸರೇ ಕಾಣುತ್ತದೆ. ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಎಂಎಲ್‌ಟರ್ಮ್ ಎಂಬ ಟರ್ಮಿನಲ್ ಹಾಕಿ ನೋಡಿ, ಭಾರತೀಯ ಲಿಪಿಗಳ ಬೆಂಬಲ ಅದರಲ್ಲಿದೆ. ಸ್ಕ್ರೀನ್ ಕಲಸಿದರೆ ಕಂಟ್ರೋಲ್-ಎಲ್.

ಇಷ್ಟೆಲ್ಲ ಜೋಡಿಸುವ ತಾಳ್ಮೆ ಇಲ್ಲದಿದ್ದರೆ ಏರ್ಕ್ ಅಂತ ಇನ್ನೊಂದು ಮೇಲ್ ಪ್ರೋಗ್ರಾಂ ಇದೆ. ಅದರಲ್ಲಿ ಕೋಲನ್ ಒತ್ತಿ ಸ್ಪ್ಲಿಟ್ ಅಂದರೆ ಪಟ್ಟಿಯ ಕೆಳಗೆ ಮೇಲ್, ವಿಸ್ಪ್ಲಿಟ್ ಅಂದರೆ ಪಕ್ಕದಲ್ಲಿ. ಬರೆಯುವ ಮೇಲ್ ಬೇರೆ ಟ್ಯಾಬ್‌ನಲ್ಲಿ ತೆರೆಯುವುದರಿಂದ ಟಿಮಕ್ಸ್ ಕೂಡ ಬೇಡ. ನಾನು ಮಟ್ ಬಿಟ್ಟಿಲ್ಲ, ಬೆರಳು ಬಿಡುತ್ತಿಲ್ಲ ಅಷ್ಟೇ.

ನೀವು ಮೇಲ್‌ಗಳನ್ನು ಇಳಿಸಿ ಇಟ್ಟುಕೊಳ್ಳುತ್ತೀರೋ, ಐಮ್ಯಾಪ್‌ನಲ್ಲಿ, ಅಂದರೆ ಸರ್ವರ್‌ನಲ್ಲೇ ಇಟ್ಟು, ನೇರವಾಗಿ ಓದುತ್ತೀರೋ? ನೇರ ಆದರೆ ಎರಡನೇ ಮಟ್ ಮತ್ತೆ ಲಾಗಿನ್ ಆಗಬೇಕು, ತೆರೆಯಲು ಸ್ವಲ್ಪ ತಡವಾಗುತ್ತದೆ. ತಿಳಿಸಿ, ಅದಕ್ಕೆ ಹೆಡರ್ ಕ್ಯಾಶ್ (ಹೆಡರ್‌ಗಳ ನಕಲನ್ನು ನಮ್ಮಲ್ಲೇ ಇಟ್ಟುಕೊಳ್ಳುವುದು) ಹಾಕುವುದನ್ನು ಸಂಜೆ ಪ್ರೆಸ್ ಮುಚ್ಚಿದ ಮೇಲೆ ಬರೆಯುತ್ತೇನೆ.