ಗದ್ದೆ ಮಾರುವ ಮೊದಲು

ಪತ್ರ: ನಮ್ಮೂರು ಮಂಡ್ಯದ ಹತ್ತಿರ. ಅಪ್ಪನಿಗೆ 61 ವರ್ಷ. ಎರಡು ಸಲ ಹಾರ್ಟ್ ಅಟ್ಯಾಕ್ ಆಗಿದೆ. ಹೃದಯದ ಪಂಪಿಂಗ್ ಬರೀ 20 ಪರ್ಸೆಂಟ್ ಇದೆ ಅಂತಾರೆ. ಈ ವರ್ಷ ನಾಲ್ಕು ಸಲ ಅಡ್ಮಿಟ್ ಮಾಡಿದ್ದೇವೆ. ಬೆಂಗಳೂರಿನ ಡಾಕ್ಟರು ಎದೆಯೊಳಗೆ ಕೂರಿಸುವ ಪಂಪಿನ ಮಾತು ತೆಗೆದರು. ಎಲ್ಲ ಸೇರಿ ಮುಕ್ಕಾಲು ಕೋಟಿ ಆಗಬಹುದಂತೆ. ನಾಲೆ ಬಯಲಿನ ಗದ್ದೆ ಮಾರೋಣ ಅಂತಾನೆ ಅಣ್ಣ. 'ಅಷ್ಟು ಸುರಿದು ಎಷ್ಟು ವರ್ಷ ತರ್ತೀರಿ?' ಅಂತ ಚಿಕ್ಕಪ್ಪ ಕೇಳಿದರು. ಅಮ್ಮ ಏನೂ ಮಾತಾಡುತ್ತಿಲ್ಲ. ಅಷ್ಟು ದುಡ್ಡಿಗೆ ಈ ಪಂಪು ತಕ್ಕುದಾ?
— ಒಬ್ಬ ಓದುಗರು, ಮಂಡ್ಯ ತಾಲ್ಲೂಕು

ಸಂಪಾದಕರ ಉತ್ತರ:

ಪ್ರೀತಿಯ ಸೋದರಿ,

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲಿಗೆ ಒಂದು ಮಾತು. ಚಿಕ್ಕಪ್ಪನ ಮೇಲೆ ಬೇಸರ ಇಟ್ಟುಕೊಳ್ಳಬೇಡಿ. ಅವರು ಕೇಳಿದ ಪ್ರಶ್ನೆಯನ್ನೇ ಅಮೆರಿಕ, ಬ್ರಿಟನ್‌ಗಳಂಥ ಶ್ರೀಮಂತ ದೇಶಗಳೂ ಇಪ್ಪತ್ತು ವರ್ಷದಿಂದ ಕೇಳಿಕೊಳ್ಳುತ್ತಿವೆ. ಕೇಳಿದ ಮಾತ್ರಕ್ಕೆ ಅವರಿಗೆ ನಿಮ್ಮ ಅಪ್ಪನ ಮೇಲೆ ಪ್ರೀತಿ ಇಲ್ಲ ಅಂತಲ್ಲ.

ಕಳೆದ ವರ್ಷ ಮೈಸೂರಿನಲ್ಲಿ, ಈ ಪಂಪು ಹಾಕಿಸಿಕೊಂಡ ಒಬ್ಬರ ಮನೆಗೆ ಹೋಗಿದ್ದೆ. ಕೂತ ಕೂಡಲೇ ಅವರು ಕೈ ಚಾಚಿ 'ನಾಡಿ ನೋಡಿ ಸಾರ್' ಅಂದರು. ಹಿಡಿದೆ. ಸಿಗಲಿಲ್ಲ. ಬೆರಳು ಆಚೆ ಈಚೆ ಸರಿಸಿದೆ, ಆಗಲೂ ಇಲ್ಲ. ಎದುರಿಗೆ ಮನುಷ್ಯ ಕಾಫಿ ಕುಡಿಯುತ್ತಿದ್ದಾರೆ, ಮಣಿಕಟ್ಟಿನಲ್ಲಿ ಬಡಿತವೇ ಇಲ್ಲ! ಈ ಪಂಪು ಹೃದಯದ ಹಾಗೆ ಹಿಂಡಿ ಬಿಡುವುದಿಲ್ಲ, ಒಂದೇ ಸಮ ರಕ್ತ ತಳ್ಳುತ್ತದೆ. ಅದಕ್ಕೇ ಅನೇಕರಿಗೆ ನಾಡಿ ಕೈಗೆ ಸಿಗುವುದಿಲ್ಲ. ಪಂಪಿನ ತೂಕ ಸುಮಾರು 200 ಗ್ರಾಂ. ಹೃದಯದ ಎಡ ಕೋಣೆಯ ತುದಿಗೆ ಹೊಲಿದಿರುತ್ತಾರೆ. ಒಳಗೆ ತಿರುಗುವ ಚಕ್ರ ಅಯಸ್ಕಾಂತದ ಬಲದಲ್ಲಿ ತೇಲುತ್ತದೆ, ಯಾವುದಕ್ಕೂ ತಾಗುವುದಿಲ್ಲ. ಅದರಿಂದ ಒಂದು ವೈರು ಹೊಟ್ಟೆಯ ಚರ್ಮ ತೂರಿಕೊಂಡು ಹೊರಗೆ ಬರುತ್ತದೆ. ಸೊಂಟದಲ್ಲಿ ಒಂದು ಕಂಟ್ರೋಲರ್, ಎರಡು ಪಕ್ಕಕ್ಕೆ ಎರಡು ಬ್ಯಾಟರಿ. ಮಲಗುವಾಗ ಗೋಡೆಯ ಕರೆಂಟಿಗೆ ಸಿಕ್ಕಿಸಬೇಕು.

ಮೊದಲು ಬಚ್ಚಲಿಗೆ ಹೋಗಿ ಬಂದರೆ ಏದುಸಿರು ಬಿಡುತ್ತಿದ್ದವರು. ಅವತ್ತು ನನ್ನ ಜೊತೆ ಮಹಡಿ ಹತ್ತಿದರು. ಅದನ್ನು ಕಣ್ಣಾರೆ ಕಂಡೆ.

ಇನ್ನೊಂದನ್ನೂ ಕಂಡೆ. ಅವರ ಹೆಂಡತಿ ಬಾಗಿಲು ಹಾಕಿದರು. ಧೂಳು ಬೀಳಬಾರದು ಅಂತ ಫ್ಯಾನ್ ನಿಲ್ಲಿಸಿದರು. ಕೈ ತೊಳೆದು, ಮಾಸ್ಕ್ ಕಟ್ಟಿ, ಗ್ಲೌಸ್ ಹಾಕಿ, ವೈರು ಹೊರಬರುವ ಜಾಗವನ್ನು ಒರೆಸಿ ಹೊಸ ಡ್ರೆಸ್ಸಿಂಗ್ ಮಾಡಿದರು. ಇಪ್ಪತ್ತು ನಿಮಿಷ ಒಂದು ಮಾತಿಲ್ಲ. ಅಲ್ಲಿ ಕೀವಾದರೆ ಮತ್ತೆ ಆಸ್ಪತ್ರೆ. ನದಿ ಸ್ನಾನವಂತೂ ಇಲ್ಲವೇ ಇಲ್ಲ. ಪಶ್ಚಿಮವಾಹಿನಿಗೆ ಹೋದರೂ ಮೆಟ್ಟಿಲ ಮೇಲೆ ನಿಂತು ಕಾವೇರಿ ನೋಡಿ ಬರುತ್ತೇನೆ ಅಂದರು.

ಈಗ ಎಷ್ಟು ವರ್ಷ ಅನ್ನುವ ಮಾತು. 2001ರಲ್ಲಿ ಅಮೆರಿಕದಲ್ಲಿ, ಬದಲಿ ಹೃದಯ ಪಡೆಯಲಾಗದ 129 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಬರೀ ಔಷಧಿಯಲ್ಲಿದ್ದವರಲ್ಲಿ ಒಂದು ವರ್ಷ ದಾಟಿದವರು ನೂರಕ್ಕೆ 25. ಪಂಪು ಹಾಕಿಸಿಕೊಂಡವರಲ್ಲಿ 52. ಆದರೆ ಆ ಹಳೆಯ ಪಂಪು ಸವೆಯುತ್ತಿತ್ತು, ಕೆಡುತ್ತಿತ್ತು. ಎರಡು ವರ್ಷಕ್ಕೆ ನೂರಕ್ಕೆ 23 ಜನರಷ್ಟೇ ಉಳಿದರು. ನಾನು ಮೈಸೂರಿನಲ್ಲಿ ಕಂಡ ತೇಲುವ ಚಕ್ರದ ಪಂಪು ಬೇರೆ. ಅದರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 58. ಹಾರ್ಟ್‌ಮೇಟ್ 3 ಅಂತ ಅದರ ಹೆಸರು. ದೊಡ್ಡ ಮುನ್ನಡೆ, ಅನುಮಾನವೇ ಬೇಡ. ಹಾಗಂತ ತೊಂದರೆ ಮುಗಿದಿಲ್ಲ. ರಕ್ತ ಹೆಪ್ಪುಗಟ್ಟದಂತೆ ದಿನವೂ ವಾರ್ಫರಿನ್ ಮಾತ್ರೆ ಬೇಕು. ಅದರ ಮಟ್ಟ ನೋಡಲು ಆಗಾಗ ರಕ್ತ ಪರೀಕ್ಷೆ. ಜಾಸ್ತಿಯಾದರೆ ಕರುಳಿನಲ್ಲಿ ರಕ್ತಸ್ರಾವ, ಕಮ್ಮಿಯಾದರೆ ಪಾರ್ಶ್ವವಾಯುವಿನ ಭಯ.

ದುಡ್ಡಿನ ಲೆಕ್ಕ ಇಲ್ಲಿಂದಲೇ ಶುರು. ನಿಮ್ಮದು ರೈತರ ಮನೆ, ಬೋರ್‌ವೆಲ್ ಕೊರೆಸಿದವರ ಕಷ್ಟ ಗೊತ್ತಿರುತ್ತದೆ. ಕೊರೆಸಿದ ದುಡ್ಡು ಒಂದು ಸಲದ್ದು. ಆಮೇಲೆ ಮೋಟಾರ್ ಸುಡುತ್ತದೆ, ರಿವೈಂಡಿಂಗ್, ಕೇಬಲ್, ಪೈಪು ಎತ್ತಿ ಇಳಿಸುವ ಕೂಲಿ. ಹೃದಯದ ಪಂಪಿನದ್ದೂ ಹಾಗೇ. ಆಪರೇಷನ್ನಿನ ಬಿಲ್ಲನ್ನು ಮಾತ್ರ ನೋಡಿ ಗದ್ದೆಗೆ ಬೆಲೆ ಕಟ್ಟಿದರೆ, ಎರಡನೇ ವರ್ಷ ಬ್ಯಾಟರಿಗೂ ಬೆಂಗಳೂರಿನ ಓಡಾಟಕ್ಕೂ ಸಾಲ ಮಾಡಬೇಕಾಗುತ್ತದೆ. ಮನುಷ್ಯ ಹೆಚ್ಚು ವರ್ಷ ಬದುಕಿದಷ್ಟೂ ಈ ಖರ್ಚು ಬೆಳೆಯುತ್ತದೆ. ಬದುಕಲಿ ಅಂತಲೇ ಅಲ್ವಾ ಹಾಕಿಸುವುದು?

ಚಿಕಿತ್ಸೆಯ ಬೆಲೆ ಅಳೆಯುವವರು ಬರೀ ವರ್ಷ ಎಣಿಸುವುದಿಲ್ಲ, ಆ ವರ್ಷ ಹೇಗೆ ಕಳೆಯಿತು ಅಂತಲೂ ನೋಡುತ್ತಾರೆ. ಆರೋಗ್ಯವಾಗಿ ಕಳೆದ ವರ್ಷ ಒಂದು. ಹಾಸಿಗೆ ಹಿಡಿದು ಕಳೆದದ್ದು ಅರ್ಧವೋ, ಅದಕ್ಕೂ ಕಮ್ಮಿಯೋ. ಬದಲಿ ಹೃದಯಕ್ಕೆ ಕಾಯದವರಿಗೆ ಈ ಪಂಪು ಹಾಕಿದರೆ, ಇಂಥ ಒಂದು ಪೂರ್ಣ ವರ್ಷಕ್ಕೆ ಸುಮಾರು 2 ಲಕ್ಷ ಡಾಲರ್ ಬೀಳುತ್ತದೆ ಎಂದು ಅಮೆರಿಕದ ಹಲವು ಲೆಕ್ಕಗಳು ಹೇಳಿವೆ. ಹಿಂದಿನ ಮಾದರಿಯ ಪಂಪುಗಳ ಕಾಲದ ಲೆಕ್ಕ ಅದು. ಅಲ್ಲಿ ಸಾಮಾನ್ಯವಾಗಿ ಒಪ್ಪುವ ಮಿತಿ ಒಂದರಿಂದ ಒಂದೂವರೆ ಲಕ್ಷ. ಆದರೂ ಅಲ್ಲಿನ ಸರ್ಕಾರಿ ವಿಮೆ 2003ರಿಂದ ದುಡ್ಡು ಕೊಡುತ್ತಿದೆ. ಬ್ರಿಟನ್ ಬಿಗಿ ಹಿಡಿಯಿತು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಇದನ್ನು ಕೊಡುತ್ತಾ ಬಂದಿರುವುದು ಬದಲಿ ಹೃದಯ ಸಿಗುವ ತನಕ ದಾಟಿಸುವುದಕ್ಕೆ.

ನಮ್ಮ ದೇಶದ ತಲಾ ಆದಾಯ ವರ್ಷಕ್ಕೆ ಸುಮಾರು 2 ಲಕ್ಷ ರೂಪಾಯಿ. ಆಯುಷ್ಮಾನ್ ಕಾರ್ಡಿನಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ. ಈ ಪಂಪು ಅದರಲ್ಲಿ ಹಿಡಿಸುವುದಿಲ್ಲ. ಹಿಡಿಸಬೇಕಾ? ನನ್ನ ಅಭಿಪ್ರಾಯ ಬಿಚ್ಚಿ ಹೇಳುತ್ತೇನೆ. ಸರ್ಕಾರ ಎಲ್ಲರಿಗೂ ಈ ಪಂಪು ಹಾಕಿಸುವ ಕಾಲ ಇನ್ನೂ ಬಂದಿಲ್ಲ. ತಿರುವನಂತಪುರದಲ್ಲಿ 2013ರಲ್ಲಿ ಹಾರ್ಟ್ ಫೇಲ್ಯೂರ್‌ನಿಂದ, ಅಂದರೆ ನಿಮ್ಮ ಅಪ್ಪನ ಹಾಗೆ ಹೃದಯದ ಬಲ ಕುಂದಿ, ಆಸ್ಪತ್ರೆ ಸೇರಿದ 1,205 ಜನರ ಜಾಡು ಹಿಡಿದು ನೋಡಿದರು. ಐದು ವರ್ಷದಲ್ಲಿ ನೂರಕ್ಕೆ 59 ಜನ ತೀರಿಕೊಂಡಿದ್ದರು. ಕೊಡಬೇಕಾದ ಮಾತ್ರೆಗಳೆಲ್ಲ ಸರಿಯಾಗಿ ಸಿಕ್ಕಿದ್ದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಕೇರಳದಲ್ಲೇ ಹೀಗೆ! ಒಂದು ಪಂಪಿನ ದುಡ್ಡಿನಲ್ಲಿ ಎಷ್ಟೋ ಮನೆಗೆ ವರ್ಷಗಟ್ಟಲೆ ಮಾತ್ರೆ ಕೊಡಬಹುದು. ಕೆ.ಆರ್. ಆಸ್ಪತ್ರೆಯ ಮುಂದೆ ಚೀಟಿ ಹಿಡಿದು, 'ಹತ್ತು ದಿನದ್ದು ಸಾಕು' ಅಂತ ಮಾತ್ರೆ ಕತ್ತರಿಸಿ ಕೊಳ್ಳುವವರನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಆದರೆ ನೀವು ಸರ್ಕಾರವಲ್ಲ, ಮಗಳು. ದೇಶದ ಲೆಕ್ಕವನ್ನು ನಿಮ್ಮ ಅಪ್ಪನ ಮೇಲೆ ಹೇರುವುದು ನನಗೆ ಇಷ್ಟವಿಲ್ಲ. ಗದ್ದೆ ಮಾರಿ ಅಂತಲೂ ಹೇಳಲಾರೆ, ಬೇಡ ಅಂತಲೂ ಹೇಳಲಾರೆ. ಅಡ್ವಾನ್ಸ್ ಮಾತ್ರ ಈಗಲೇ ತಗೋಬೇಡಿ. ಅದಕ್ಕೆ ಮೊದಲು ಆಗಬೇಕಾದ ಕೆಲಸ ಇದೆ.

ಅಪ್ಪನ ಮಾತ್ರೆ ಚೀಟಿಯನ್ನು ಡಾಕ್ಟರ ಮುಂದೆ ಇಡಿ. ಹಾರ್ಟ್ ಫೇಲ್ಯೂರ್‌ಗೆ ಈಗ ನಾಲ್ಕು ಬಗೆಯ ಮಾತ್ರೆ ಸೇರಿಸಿ ಕೊಡುತ್ತಾರೆ. ನಾಲ್ಕೂ ನಡೆಯುತ್ತಿವೆಯಾ, ಅಪ್ಪನ ಮೈ ತಡೆದುಕೊಳ್ಳುವಷ್ಟು ಡೋಸಿಗೆ ಏರಿಸಿದ್ದಾರಾ, ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ. ಅದರಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ, ಸಾಕ್ಯುಬಿಟ್ರಿಲ್-ವಾಲ್ಸಾರ್ಟನ್‌ದು 2023ರಲ್ಲಿ ಮುಗಿದು ಬೆಲೆ ಚೆನ್ನಾಗಿ ಇಳಿದಿದೆ. ಮೈಸೂರಿನ ಕೆ.ಆರ್.ಎಸ್. ರಸ್ತೆಯ ಜಯದೇವದಲ್ಲಿ ಇನ್ನೊಬ್ಬರ ಅಭಿಪ್ರಾಯ ಕೇಳುವುದು ನಿಮಗೆ ಹತ್ತಿರ. ಹೃದಯದ ಬಲಭಾಗ ಗಟ್ಟಿ ಇದೆಯಾ, ಕಿಡ್ನಿ ಹೇಗಿದೆ? ಪಂಪು ಎಡಭಾಗಕ್ಕೆ ಮಾತ್ರ ಆಸರೆ. ಬಲಭಾಗ ಸೋತಿದ್ದರೆ ದುಡ್ಡು ಹಾಕಿಯೂ ಫಲ ಕಮ್ಮಿ. ಬದಲಿ ಹೃದಯಕ್ಕೆ ಅಪ್ಪ ಅರ್ಹರಾ ಅಂತಲೂ ಕೇಳಿ. ಅರ್ಹರಾದರೆ ಆಸ್ಪತ್ರೆಯ ಮೂಲಕ ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಬಹುದು. ಆಗ ಪಂಪಿನ ಲೆಕ್ಕವೇ ಬೇರೆಯಾಗುತ್ತದೆ.

ಆಪರೇಷನ್ ಆದ ಮೇಲಿನ ಮೂರು ವರ್ಷದ ಅಂದಾಜನ್ನು ಬರೆಸಿಕೊಳ್ಳಿ. ಬ್ಯಾಟರಿ, ಡ್ರೆಸ್ಸಿಂಗ್ ಸಾಮಾನು, ರಕ್ತ ಪರೀಕ್ಷೆ, ಓಡಾಟ, ಮತ್ತೆ ಅಡ್ಮಿಟ್ ಆದರೆ ಎಷ್ಟು. ಬಾಯಿಮಾತು ಸಾಲದು. ಊರಲ್ಲಿ ರಾತ್ರಿ ಕರೆಂಟು ಹೋದರೆ ಎಷ್ಟು ಹೊತ್ತು ಅಂತಲೂ ಗುರುತು ಹಾಕಿಕೊಳ್ಳಿ. ಪಂಪು ಬೇಡ ಅನ್ನಿಸಿದರೆ, ಉಸಿರಿನ ಸಂಕಟ ಕಮ್ಮಿ ಮಾಡಿ ನೆಮ್ಮದಿಯಾಗಿ ನೋಡಿಕೊಳ್ಳುವ ಉಪಶಮನ ಚಿಕಿತ್ಸೆಯೂ ಇದೆ. ಅದನ್ನು ಆರಿಸಿದರೆ ಅಪ್ಪನನ್ನು ಕೈಬಿಟ್ಟ ಹಾಗಲ್ಲ.

ನಿಮ್ಮ ಪತ್ರದಲ್ಲಿ ಅಣ್ಣ, ಚಿಕ್ಕಪ್ಪ, ಡಾಕ್ಟರು ಎಲ್ಲರ ಮಾತೂ ಇದೆ. ಅಪ್ಪ ಏನಂದರು ಅನ್ನುವುದು ಇಲ್ಲ. ಅಮ್ಮ ಯಾಕೆ ಸುಮ್ಮನಿದ್ದಾರೆ ಅನ್ನುವುದೂ ಇಲ್ಲ. ದಿನವೂ ಡ್ರೆಸ್ಸಿಂಗ್ ಮಾಡುವ ಕೈ ಬಹುಶಃ ಅವರದೇ. ಮುಂದಿನ ಸಲ ಬೆಂಗಳೂರಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ತೋರಿಸುವುದಕ್ಕೆ ಇಟ್ಟಿರುವ ಪಂಪು, ಬ್ಯಾಟರಿ ಇದ್ದರೆ ಇಬ್ಬರ ಕೈಗೂ ಕೊಡಿಸಿ. ಪಂಪು ಹಾಕಿಸಿಕೊಂಡವರ ಮನೆಯವರ ಹತ್ತಿರ ಅಮ್ಮ ಒಂದು ಗಳಿಗೆ ಕೂತು ಮಾತಾಡಲಿ. ಮೈಸೂರಿನ ಆ ದಂಪತಿಯನ್ನು ಕೇಳಿದ್ದೇನೆ, ಬನ್ನಿ ಅಂದಿದ್ದಾರೆ. ಬರುವುದಾದರೆ ಕಚೇರಿಗೆ ಒಂದು ಸಾಲು ಬರೆಯಿರಿ, ನಾನೇ ಜೊತೆಗೆ ಬರುತ್ತೇನೆ.